ಹೆಸರಿಟ್ಟ ಗಾಳಿ

ಫುಂಶಾಲ್ ಪೇಟೆಯ ಇಳಿಜಾರಿನಲ್ಲಿ,
ಮೀನಂಗಡಿಗೂ ಔಷಧಿಯಂಗಡಿಗೂ ನಡುವೆ,
ಇಪ್ಪತ್ತೆರಡು ವರ್ಷದಿಂದ ನಾನು ಮಾರುತ್ತಿರುವುದು
ಆಗದೇ ಇರಲಪ್ಪ ಎಂದು ಜನ ಬೇಡುವ ಸಂಗತಿಗಳನ್ನು.
ಎಲ್ಲ ಸುಸೂತ್ರವಾದ ಗಿರಾಕಿ
ತಿರುಗಿ ಬಂದು ನನ್ನ ಮುಖ ನೋಡಿ
ಕೊಂಚ ಮೋಸಹೋದವನಂತೆ ನಗುತ್ತಾನೆ.

ಗ್ರಾಸಿಂಡಾ ಬಂದದ್ದು ಫೆಬ್ರವರಿಯಲ್ಲಿ.
ಎಪ್ಪತ್ತೊಂದು ವಯಸ್ಸು, ಕಸೂತಿಯ ಕೈ;
ತೋರುಬೆರಳ ತುದಿಯಲ್ಲಿ ಸೂಜಿ ಕೊರೆದ ಜೇನುಗೂಡು.
ಕುರಸಾವ್ ದ್ವೀಪದಲ್ಲಿ ತಮ್ಮ ಝೆಫೆರೀನೊ,
ಎಣ್ಣೆ ಕಾರ್ಖಾನೆಗೆ ಹೋಗಿ ಅಲ್ಲೇ ಉಳಿದವನು.
ನಲವತ್ತು ವರ್ಷವಾಯಿತಂತೆ ಅವನನ್ನು ನೋಡಿ.
ಅಕ್ಟೋಬರಿಗೆ ಟಿಕೆಟ್ ಕೊಂಡು ನೆಟ್ಟಗೆ ಇಲ್ಲಿಗೇ ಬಂದಿದ್ದಳು,
ಕಾಗದ ಇನ್ನೂ ಬೆಚ್ಚಗಿತ್ತು.

ಎರಡು ಪಾಲಿಸಿ ಮುಂದಿಟ್ಟೆ.
ಒಂದು ಮೂವತ್ತೊಂದು ಯೂರೋ:
ಅದರಲ್ಲಿ ಪೆಟ್ಟಿಗೆಗೆ ಬೆಲೆಯಿದೆ, ಎದೆಗೆ ಇಲ್ಲ.
ಇನ್ನೊಂದು ತೊಂಬತ್ತನಾಲ್ಕು:
ಎದೆ, ಎಲುಬು, ರದ್ದಾದ ದಾರಿ, ಎಲ್ಲಕ್ಕೂ.
"ಬಿಪಿ ಮಾತ್ರೆ?"
"ಬೆಳಿಗ್ಗೆ ಅರ್ಧ. ಅದು ಕಾಯಿಲೆಯಲ್ಲ, ಅಭ್ಯಾಸ."
"ಬರೆಯಬೇಕು. ಮೊಣಕಾಲು?"
"ಅದೂ ನನ್ನದೇ. ಅದನ್ನೂ ಬರೆಯಬೇಕೆ?"

ಮಡಿಚಿ ಹಿಂದಕ್ಕೆ ತಳ್ಳಿದಳು.
"ಎಂಟು ತಿಂಗಳಿದೆ, ಮಗನೆ. ಅಲ್ಲಿಯವರೆಗೆ
ಈ ಕಾಗದ ಏನು ಮಾಡುತ್ತದೆ, ಡ್ರಾಯರಿನಲ್ಲಿ ನಿದ್ದೆಯೆ?"
ಹೌದು, ಎನ್ನಬೇಕಿತ್ತು ನಾನು,
ಒಂದು ಕಣ್ಣು ತೆರೆದ ನಿದ್ದೆ.
ನೀವು ಮೆಟ್ಟಿಲಲ್ಲಿ ಜಾರಿದರೆ, ತಮ್ಮ ಹಾಸಿಗೆ ಹಿಡಿದರೆ,
ಇವತ್ತಿನಿಂದಲೇ ಅದು ಎದ್ದು ಕೂರುತ್ತದೆ;
ಕೊನೆಯ ದಿನ ಕೊಂಡರೂ ಬೆಲೆ ಇಷ್ಟೇ.
ಊಟದ ಹೊತ್ತಾಗಿತ್ತು. ಹೇಳಲಿಲ್ಲ.

ಅಕ್ಟೋಬರ್. ಪಡುಗಡಲಲ್ಲಿ ಒಂದು ಸುಳಿ ಎದ್ದಿತು.
ಐದು ದಿನ ಅದಕ್ಕೆ ಬರೀ ಸಂಖ್ಯೆ.
ಮಂಗಳವಾರ ಬೆಳಿಗ್ಗೆ ಆರಕ್ಕೆ ಹೆಸರಿಟ್ಟರು.
ಹತ್ತಕ್ಕೆ ಗ್ರಾಸಿಂಡಾ ನನ್ನ ಬಾಗಿಲಲ್ಲಿ,
ಚರ್ಚಿಗೆ ಹೋಗುವ ಕೋಟು,
ಮುಷ್ಟಿಯಲ್ಲಿ ಎಣಿಸಿದ ತೊಂಬತ್ತನಾಲ್ಕು.

"ಗಾಳಿಗೆ ಆಗದು," ಅಂದೆ.
"ಹೆಸರಿಲ್ಲದಿದ್ದಾಗ ಅದು ವಿಧಿ.
ಹೆಸರಿಟ್ಟ ಮೇಲೆ ಗೊತ್ತಿದ್ದ ಸುದ್ದಿ.
ಗೊತ್ತಿದ್ದದ್ದಕ್ಕೆ ವಿಮೆಯಿಲ್ಲ."
"ನಾಲ್ಕು ಗಂಟೆ ತಡವೆ?"
"ನಾಲ್ಕೇ ಗಂಟೆ."
"ಏನಂತೆ ಹೆಸರು?"
"ಒಡೆಟ್."
ಕುರ್ಚಿ ಎಳೆದು ಕೂತುಬಿಟ್ಟಳು.
"ನಮ್ಮ ಗೋಡೆಯಾಚೆಯವಳ ಹೆಸರು!
ಅಂಜೂರದ ಮರದ ಎಲೆ ನನ್ನಂಗಳಕ್ಕೆ ಬೀಳುವುದಕ್ಕೆ
ಮೂವತ್ತು ವರ್ಷ ಮಾತು ಬಿಟ್ಟವಳು."
ಆಮೇಲೆ ತನಗೆ ತಾನೇ:
"ಸರಿಯಾಗಿಯೇ ಇಟ್ಟಿದ್ದಾರೆ."

ಗಾಳಿಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾರಿದೆ.
ಅರ್ಧ ಮಾತ್ರೆ ಬರೆಸಿದೆ. ಮೊಣಕಾಲನ್ನೂ,
ಎಡಗಡೆಯದು, ಚಳಿಗಾಲದಲ್ಲಿ ಹೆಚ್ಚು, ಎಂದು ವಿವರವಾಗಿ.

ಗುರುವಾರ ರನ್‌ವೇ ಮುಚ್ಚಿತು.
ಕಡಲ ಮೇಲೆ ಕಂಬ ಊರಿ ನಿಂತ ಆ ಉದ್ದ ಮೇಜಿನ ಮೇಲೆ
ಎರಡು ದಿನ ಗಾಳಿ ಒಂದೇ ಕೂತು ಉಂಡಿತು.
ಲಿಸ್ಬನ್ನಿನಿಂದ ಮುಂದಿನ ವಿಮಾನ
ಬೇರೆ ಟಿಕೆಟ್ಟು; ಅದು ಯಾರಿಗೂ ಕಾಯಲಿಲ್ಲ.
ಹನ್ನೊಂದು ತಿಂಗಳು ಹೊಲಿದ ಮೇಜುಬಟ್ಟೆ
ಜರ್ಮನ್ ಪ್ರವಾಸಿಗೆ ಕೊಟ್ಟು
ಹೊಸ ಟಿಕೆಟ್ ಕೊಂಡಳಂತೆ.
ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನವೆಂಬರಿನಲ್ಲಿ ಬಂದಳು, ಬಿಸಿಲು ಹತ್ತಿದ ಮೂಗು,
ಕಿತ್ತಳೆ ಸಿಪ್ಪೆಯ ನೀಲಿ ಮದ್ಯದ ಸೀಸೆ ನನಗೆ.
"ತಮ್ಮ?"
"ಮುದುಕ. ಮೊದಲ ದಿನ ನನ್ನನ್ನು ಅಮ್ಮ ಅಂತ ಕರೆದ.
ನಾನೂ ತಿದ್ದಲಿಲ್ಲ."
ಮುಷ್ಟಿ ಬಿಚ್ಚಿ ನೋಟು ಹರಡಿದಳು.
"ಮುಂದಿನ ವರ್ಷದ್ದು ಈಗಲೇ ಬರಿ. ಗಾಳಿ ಸೇರಿಸಿ."
"ಟಿಕೆಟ್?"
"ಇನ್ನೂ ಕೊಂಡಿಲ್ಲ."
"ಹಾಗಾದರೆ ತೀರ ಬೇಗ."
ನನ್ನನ್ನೇ ದಿಟ್ಟಿಸಿದಳು. "ಆಗ ತಡ, ಈಗ ಬೇಗ.
ನಿನ್ನ ಅಂಗಡಿಯ ಗಡಿಯಾರಕ್ಕೆ ಕೀಲಿ ಕೊಡುವವರು ಯಾರು?"

ಊಟದ ಹೊತ್ತೇ ಆಗಿತ್ತು. ಈ ಸಲ ಎದ್ದುಹೋಗಲಿಲ್ಲ.
ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ:
ಟಿಕೆಟ್ ಕೊಂಡ ದಿನ. ಕತ್ತಲಾಗುವ ಮೊದಲು.

ಮಡಿಚಿ ಎದೆಯೊಳಗೆ ಇಟ್ಟುಕೊಂಡಳು.
ಹೊಸ್ತಿಲಲ್ಲಿ ತಿರುಗಿ:
"ಇಬ್ಬರು ಹೊರಟರೆ ಒಂದೇ ಪಾಲಿಸಿ ಸಾಕೆ?"
"ಇನ್ನೊಬ್ಬರು ಯಾರು?"
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅಂದಳು:
"ಆ ಗಾಳಿಗೆ ಅಂಜೂರದ ಮರ ಬಿತ್ತು."