ಬೆಣೆ

ಹಲಗೆಯ ಮೇಲೆ ಬರೆದೆ:
ಎಂಬತ್ತು ಟನ್ನಿನ ಒಂದು ವ್ಯಾಗನ್,
ಸೆಕೆಂಡಿಗೆ ಒಂದು ಮೀಟರು ವೇಗ.
ಒಬ್ಬ ಮನುಷ್ಯ ಎದೆಗೊಟ್ಟು ತಡೆಯುತ್ತಾನೆ,
ಬಲ ಐನೂರು ನ್ಯೂಟನ್.
ಅದು ನಿಲ್ಲಲು ಎಷ್ಟು ಹೊತ್ತು?

ಒಂಬತ್ತನೇ ಬಿ ಸೆಕ್ಷನ್, ಊಟ ಆದಮೇಲಿನ ಪಿರಿಯಡ್ಡು.
ಕಿಟಕಿಯಾಚೆ ಬಳ್ಳಾರಿ ಗುಡ್ಡ
ಒಲೆ ಮೇಲೆ ಮರೆತುಬಿಟ್ಟ ಹೆಂಚು.
ಕರೆಂಟು ಹೋಯಿತು. ಫ್ಯಾನು ಮಾತ್ರ
ಸುದ್ದಿ ತಲುಪದವರ ಹಾಗೆ ಇನ್ನೊಂದಿಷ್ಟು ತಿರುಗಿತು.
ನೋಡಿ, ಜಡತ್ವ, ಅಂದೆ.
ಯಾರೂ ನೋಡಲಿಲ್ಲ.

ಹಿಂದಿನ ಬೆಂಚಿನಿಂದ ಸಣ್ಣಮಾರೆಮ್ಮ ಎದ್ದಳು:
"ಟೀಚರ್, ಅವನ್ಯಾಕೆ ತಡೀಬೇಕು?
ಪಕ್ಕಕ್ಕೆ ಸರಿದ್ರೆ ಆಗಲ್ವಾ?"

ಲೆಕ್ಕದಲ್ಲಿ ಪಕ್ಕ ಅನ್ನುವುದೇ ಇರಲಿಲ್ಲ.
ಒಂದು ಬಾಣ ಈ ಕಡೆಗೆ, ಒಂದು ಆ ಕಡೆಗೆ, ಅಷ್ಟೆ.

ನಮ್ಮಪ್ಪ ಗಾದಿಲಿಂಗಪ್ಪ, ಪಾಯಿಂಟ್ಸ್‌ಮನ್.
ನಾನು ಹುಟ್ಟುವ ಮೊದಲಿನ ಮಾತು.
ಅದಿರಿನ ಸೈಡಿಂಗಿನಲ್ಲಿ, ರಾತ್ರಿ ಎರಡರ ಮೇಲೆ,
ಕಪ್ಲಿಂಗ್ ಬಿಚ್ಚಿದ ಒಂದು ವ್ಯಾಗನ್ನು
ಯಾರ ಸೀಟಿಗೂ ಕಾಯದೆ ಹೊರಟಿತು.
ಖಾಲಿ ವ್ಯಾಗನ್ನು ಗಲಗಲ ಅನ್ನುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ.
ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ,
ತುಂಬಿದ ವ್ಯಾಗನ್ನೂ ಹಾಗೇ.
ಮುಂಜಾನೆ ಹಾಲಿಗೆ ಹೊರಟ ಮುದುಕಿಯ ನಡಿಗೆ ಅದರದು.
ಅಪ್ಪ ಪಕ್ಕದಲ್ಲೇ ನಡೆದ, ತಗಡಿನ ಮೇಲೆ ಕೈಯಿಟ್ಟು,
ಎಮ್ಮೆಯ ಬೆನ್ನು ಸವರಿಕೊಂಡು ಹೋಗುವವರ ಹಾಗೆ.

"ಓಡ್ತಿದ್ರೆ ಹೆದರಿಕೆ ಆಗ್ತಿತ್ತು,
ನಡೀತಿತ್ತು ನೋಡು, ಅದಕ್ಕೆ ನಂಬಿಬಿಟ್ಟೆ"
ಅನ್ನುತ್ತಿದ್ದ.

ಹ್ಯಾಂಡ್‌ಬ್ರೇಕಿನ ಚಕ್ರ ತುಕ್ಕಿನಲ್ಲಿ ಮಲಗಿತ್ತು.
ಹಳಿ ಮುಗಿಯುವಲ್ಲಿ ಏಳು ಮಂದಿ ಹಮಾಲರು,
ಟಾರ್ಪಾಲು ಹೊದ್ದು, ಅವರೂ ಮಲಗಿದ್ದರು.
ಕೂಗಿದ. ಪಕ್ಕದ ಲೈನಿನ ಇಂಜಿನ್ನು
ಆ ಕೂಗನ್ನು ತಿಂದುಹಾಕಿತು.

ಇಳಿಜಾರು ಲೆಕ್ಕಕ್ಕೆ ಹಿಡಿಯದಿದ್ದರೂ
ಎದೆಗೊಟ್ಟು ನಿಂತರೆ ನೂರಾ ಅರವತ್ತು ಸೆಕೆಂಡು,
ಅಷ್ಟರಲ್ಲಿ ಎಂಬತ್ತು ಮೀಟರು.
ಅಲ್ಲಿದ್ದ ಹಳಿ ನಲವತ್ತು.

ಅಪ್ಪನಿಗೆ ಸಂವೇಗ ಅನ್ನುವ ಪದ ಗೊತ್ತಿರಲಿಲ್ಲ.
ಓಡಿಹೋಗಿ ಮುಂದಿನ ಚಕ್ರಕ್ಕೆ ಬೆಣೆ ಕೊಟ್ಟ.
ಮೊದಲನೆಯದು ಶೇಂಗಾ ಸಿಪ್ಪೆಯ ಹಾಗೆ ಪುಡಿ.
ಎರಡನೆಯದು ಕಿರುಚುತ್ತಾ ಹಳಿಯುದ್ದ ಜಾರಿತು,
ಸುಟ್ಟ ಕಟ್ಟಿಗೆಯ ವಾಸನೆ.
ಮೂರನೆಯದು ಬೆಣೆಯೇ ಅಲ್ಲ,
ಯಾರೋ ಒಲೆಗೆಂದು ಕಡಿದು ಬಿಟ್ಟುಹೋದ
ಹಳೇ ಸ್ಲೀಪರಿನ ತುಂಡು.
ವ್ಯಾಗನ್ನು ಅದರ ಮೇಲೆ ಹತ್ತಲು ನೋಡಿತು,
ಹಿಂದಕ್ಕೆ ಒರಗಿತು, ಉಸಿರುಬಿಟ್ಟು ನಿಂತಿತು.

ಇನ್ನೂ ಹನ್ನೊಂದು ಹೆಜ್ಜೆ ಹಳಿ ಉಳಿದಿತ್ತು.
ಬೆಳಗಾದ ಮೇಲೆ ಅಪ್ಪನೇ ನಡೆದು ಎಣಿಸಿದ.
ಹಮಾಲರಲ್ಲಿ ಒಬ್ಬ ಮಗ್ಗುಲು ಬದಲಿಸಿದ್ದನಂತೆ,
ಉಳಿದವರಿಗೆ ಅದೂ ಇಲ್ಲ.

ಎಲ್ಲಿಗೆ ಹೋಯಿತು ಅಷ್ಟೂ ಸಂವೇಗ?
ಬೆಣೆಯಿಂದ ಹಳಿಗೆ, ಹಳಿಯಿಂದ ಜಲ್ಲಿಗೆ, ಜಲ್ಲಿಯಿಂದ ನೆಲಕ್ಕೆ.
ಆ ರಾತ್ರಿ ಭೂಮಿ, ಯಾವ ಯಂತ್ರಕ್ಕೂ ಕಾಣದಷ್ಟು,
ಹಮಾಲರ ತಲೆದಿಂಬಿನ ಕಡೆಗೆ ಸರಿದುಕೊಂಡಿತು.
ಇದನ್ನು ಹೇಳಿದಾಗ ಅಪ್ಪ ನಕ್ಕ:
"ಪಗಾರದಾಗೆ ಹದಿನೆಂಟು ರೂಪಾಯಿ ಹಿಡಿದ್ರು, ಎರಡು ಬೆಣೆಗೆ.
ಅದಕ್ಕೆ ಯಾವ ಸೂತ್ರ ಐತೆ ಹೇಳು."

ಕೆಂಪು ಧೂಳಿನಲ್ಲಿ ಐದು ಬೆರಳು ಮೂಡಿದ ಆ ವ್ಯಾಗನ್ನು
ಮರುದಿನ ಬಂದರಿಗೆ ಹೋಯಿತು.
ಅಪ್ಪ ರಿಟೈರಾದ ಮೇಲೂ
ಬಾಗಿಲಿಗೆ, ಮೇಜಿನ ಕಾಲಿಗೆ, ಮೊಮ್ಮಗಳ ಮೂರುಗಾಲಿ ಸೈಕಲ್ಲಿಗೆ
ಒಂದೊಂದು ಚಕ್ಕೆ ಸಿಕ್ಕಿಸುತ್ತಿದ್ದ.
ಮನೆಯಲ್ಲಿ ಏನನ್ನೂ ಬೇಗ ಸರಿಸಲಾಗುತ್ತಿರಲಿಲ್ಲ,
ಅವ್ವ ಬೈಯುತ್ತಿದ್ದಳು.

"ಟೀಚರ್?" ಸಣ್ಣಮಾರೆಮ್ಮ ಇನ್ನೂ ನಿಂತೇ ಇದ್ದಾಳೆ.
ಕೂತ್ಕೋ ಅಂದೆ.
ಹಲಗೆಗೆ ತಿರುಗಿ, ವ್ಯಾಗನ್ನಿನ ಚಿತ್ರದ ಮುಂದೆ,
ಪುಸ್ತಕದಲ್ಲಿ ಇಲ್ಲದ ಏಳು ಸಣ್ಣ ಗೆರೆ ಎಳೆದೆ,
ಅಡ್ಡಡ್ಡ, ಮಲಗಿದ ಹಾಗೆ.

ಆಗಲೇ ಕರೆಂಟು ಬಂದದ್ದು.
ಫ್ಯಾನು ತಕ್ಷಣಕ್ಕೆ ಏಳಲಿಲ್ಲ.