ಹದಿನಾಲ್ಕನೆಯ ಸಹಿ

ಕುಡ್ಚಡೆಯ ಸ್ಟೇಷನ್ನಿನ ಹಿಂದೆ, ಹಳಿ ತಿರುಗುವ ಕಡೆ,
ಮೂರು ಕೋಣೆ, ಒಂದು ಅಡುಗೆಮನೆ, ಮುಂದೆ ಕೂರಲು
ಎದುರುಬದುರು ಎರಡು ಕಟ್ಟೆ. ಬಲ್ಕಾಂವ್ ಅನ್ನುತ್ತಾರೆ ಇಲ್ಲಿ.
ದೊಡ್ಡದಲ್ಲ. ಸಣ್ಣದೂ ಅಲ್ಲ.
ಐದು ಮಂದಿ ಕಾಲು ಚಾಚಿ ಮಲಗಿದರೆ
ಯಾರ ಕಾಲೂ ಯಾರ ತಲೆಗೂ ತಾಗದಷ್ಟು.

ಇಪ್ಪತ್ತಾರು ವರ್ಷ ಈ ಊರಿನ ಟಿಪ್ಪರುಗಳ ಟೈರು ಬಿಚ್ಚಿದವನು ನಾನು.
ರೋಣದಿಂದ ಬಂದಾಗ ಒಂದು ಜಾಕು, ಎರಡು ಲಿವರು.
ಇದ್ದದ್ದೆಲ್ಲ ಬಾಡಿಗೆ ಖೋಲಿ; ಗೋಡೆಗೆ ಮೊಳೆ ಹೊಡೆಯಲು ಅಪ್ಪಣೆ ಇಲ್ಲ.
ಬಸವಣ್ಣ, ಸತ್ತ ಅಪ್ಪ, ಮಗಳ ಏಳನೇ ಕ್ಲಾಸಿನ ಗ್ರೂಪ್ ಫೋಟೋ
ಟ್ರಂಕಿನ ಮೇಲೆ ಗೋಡೆಗೆ ಒರಗಿ ನಿಂತೇ ಇದ್ದರು,
ಬಸ್ಸು ಕಾಯುವವರ ಹಾಗೆ.

"ಹದಿನಾಲ್ಕು ಸಹಿ ಬೇಕು" ಅಂದರು ವಕೀಲ ಕುಂಕಳ್ಯೇಕರ್,
ಬೆರಳು ಮಡಿಸಿ, ಬೆರಳು ಸಾಲದೆ.
ಇಲ್ಲಿಯ ಕಾನೂನು ಹಾಗೆ: ಸತ್ತವರ ಪಾಲು ಇದ್ದವರಿಗೆ,
ಇದ್ದವರ ಪಾಲಿನಲ್ಲಿ ಅವರವರ ಗಂಡ ಹೆಂಡಿರಿಗೆ ಅರ್ಧ.
ನಾಲ್ಕು ಸ್ವಿಂಡನ್ನಿನಿಂದ ಕೊರಿಯರಿನಲ್ಲಿ ಬಂದವು,
ಎರಡು ಬಹರೇನಿನಿಂದ, ಒಂದು ಆಸ್ಪತ್ರೆಯ ಮಂಚದಿಂದ:
ಹೆಬ್ಬೆಟ್ಟು, ನೀಲಿ, ಕೊಂಚ ಓರೆ.
ಒಬ್ಬ ಅಳಿಯ ಸಹಿಗೆ ಮೊದಲು ಫ್ರಿಜ್ಜಿನ ದುಡ್ಡು ಕೇಳಿದ.
ಕೊಟ್ಟೆ. ಫ್ರಿಜ್ಜು ಕೆಟ್ಟಿತ್ತು.
ಬ್ಯಾಂಕಿನ ಹುಡುಗ ಅಂಗಡಿಗೆ ಬಂದು
ಟೈರಿನ ರಾಶಿ ಎಣಿಸಿ, ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಹೋದ.
ಹದಿಮೂರಾಯಿತು.

ಉಳಿದವಳು ಅರ್ಮಿಂದಾ ಬಾಯ್. ಮದುವೆಯಾಗದವಳು,
ಮಡಗಾಂವಿನಲ್ಲಿ ಅಣ್ಣನ ಮಗಳ ಫ್ಲ್ಯಾಟಿನಲ್ಲಿದ್ದಾಳೆ.
ಏಳು ತಿಂಗಳು ಪೆನ್ನು ಮುಟ್ಟಲಿಲ್ಲ.
ಘಾಂಟಿಗೆ ಮನೆ ಕೊಡಲು ಮುದುಕಿಗೆ ಮನಸ್ಸಿಲ್ಲ ಅಂದರು ಊರವರು.
ಘಾಂಟಿ ಅಂದರೆ ಘಟ್ಟ ಇಳಿದು ಬಂದವನು.
ಇಳಿದಿದ್ದೇನೆ, ಸುಳ್ಳಲ್ಲ.
ಆದರೆ ಆ ಮಾತು ಟೈರಿನಲ್ಲಿ ಕೂತ ಮೊಳೆಯ ಹಾಗೆ,
ಇದ್ದಷ್ಟು ದಿನ ಗಾಳಿ ಹೋಗುವುದಿಲ್ಲ,
ಕಿತ್ತರೆ ಹೋಗುತ್ತದೆ. ನಾನು ಕೀಳಲಿಲ್ಲ.

ಒಂದು ಗುರುವಾರ ಬಸ್ಸಿಳಿದು ಅಂಗಡಿಗೇ ಬಂದಳು,
ಕೊಡೆಯನ್ನು ಕೋಲು ಮಾಡಿಕೊಂಡು.
ನನ್ನತ್ತ ನೋಡಲಿಲ್ಲ. ಬಸಲಿಂಗವ್ವನನ್ನು ಕರೆದುಕೊಂಡು ಹೋಗಿ
ಮನೆಯ ಬೀಗ ತೆಗೆದಳು. ನಾನು ಹಿಂದೆ ಹಿಂದೆ,
ಗ್ರೀಸಿನ ಕೈ ಎಲ್ಲೂ ತಾಗಿಸದೆ.
ಅಡುಗೆಮನೆಯ ಕಪಾಟಿನ ಮುಂದೆ ನಿಂತು ಹೇಳಿದಳು:
"ರಾತ್ರಿ ಎರಡೂವರೆಗೆ ಗೂಡ್ಸ್ ಹೋಗುತ್ತದೆ.
ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ.
ಅಮ್ಮ ನಡುವೆ ಕಾಗದ ತುರುಕುತ್ತಿದ್ದಳು.
ಎಲ್ಲರೂ ಹೋದ ಮೇಲೆ ನಾನು ಕಾಗದ ತೆಗೆದುಬಿಟ್ಟೆ.
ಯಾರೋ ಚಹಾ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು."

ಮಾರ್ಕೆಟಿನ ಕೊಂಕಣಿ ಮಾತ್ರ ಬಲ್ಲ ನನ್ನ ಹೆಂಡತಿ
ಏನೂ ಅನ್ನಲಿಲ್ಲ. ತಲೆ ಆಡಿಸಿದಳು.
"ಯಾವ ಬಣ್ಣ ಹೊಡೆಸುತ್ತೀ?"
"ಹಸಿರು."
ಮುದುಕಿ ಮೂಗು ಮುರಿದಳು.
ಕಟ್ಟೆಯ ಮೇಲೆ ಕಾಗದ ಹರವಿ ಸಹಿ ಮಾಡಿದಳು.

ಶನಿವಾರ ಕೀಲಿ ಬಂತು. ಸಂಜೆಯೇ ಮೊದಲ ಮೊಳೆ ಹೊಡೆದೆ.
ಜಂಬಿಟ್ಟಿಗೆಯ ಗೋಡೆ, ಕೆಂಪು ಹುಡಿ ಅಂಗೈ ತುಂಬ ಉದುರಿತು.
ಎರಡನೆಯ ಮೊಳೆ ನಿಂತಿತು.
ಅಪ್ಪನಿಗೆ ಕೊನೆಗೂ ಸೀಟು ಸಿಕ್ಕಿತು.

ಎರಡೂವರೆಗೆ ಗಾಡಿ ಬಂತು, ಹೇಳಿದ ಹಾಗೆ.
ನೆಲ ನಡುಗಿತು, ಹೆಂಚು ಗೊಣಗಿತು,
ನಲವತ್ತೋ ಐವತ್ತೋ ವ್ಯಾಗನ್ನು. ಕಪಾಟು ಮಾತ್ರ ಮೂಕ.
ನಾವಿನ್ನೂ ಗಂಟು ಬಿಚ್ಚಿರಲಿಲ್ಲ,
ಅದರೊಳಗೆ ಏನೂ ಇರಲಿಲ್ಲ.

ಬಸಲಿಂಗವ್ವ ಎದ್ದಳು. ಲೈಟು ಹಾಕದೆ ಚೀಲ ತಡಕಿ
ಎರಡು ಸ್ಟೀಲ್ ಲೋಟ ತೆಗೆದು
ಕಪಾಟಿನಲ್ಲಿಟ್ಟಳು, ದೂರ ಅನ್ನಿಸಿತೇನೋ,
ಮತ್ತೆ ಹೋಗಿ ಇನ್ನೊಂದಿಷ್ಟು ಹತ್ತಿರ ಸರಿಸಿ
ಬಂದು ಮಲಗಿದಳು.

"ಐದಕ್ಕೆ ಇನ್ನೊಂದು ಐತಂತ" ಅಂದಳು.