ಅಳತಿ ಬುಕ್ಕಿನಾಗ ಎಲ್ಲಯ್ಯ

ಸೊಂಟ ಮೂವತ್ತಾರು. ಬಲ ತೊಡಿ ಇಪ್ಪತ್ತನಾಲ್ಕು.
ಎಡ ತೊಡಿ ಇಪ್ಪತ್ತೆರಡೂವರಿ.
ಟೇಪು ಜಾರಿತೇನೋ ಅಂತ ಮತ್ತೊಮ್ಮೆ ಸುತ್ತಿದೆ.
ಜಾರಿರಲಿಲ್ಲ.

ಕೌಲ್‌ಬಜಾರಿನಾಗ ದಿನಕ್ಕ ಅರವತ್ತು ಜೀನ್ಸಿಗೆ ಜಿಪ್ಪು ಕೂಡಿಸೋ ನಾನು
ಎರಡು ಕಾಲು ಎರಡು ಥರ ಇರೋ ಗಿರಾಕಿನ್ನ
ಅವತ್ತಿನತನಕ ಕಂಡಿರಲಿಲ್ಲ.

ಅದಿರಿನ ರೊಕ್ಕ ಕುಣಿದಾಡಿದ ವರ್ಷ ಅದು.
ಯಾವನೋ ಧಣಿಗೆ ಹುಕ್ಕಿ ಬಂತು: ರಾತ್ರಿ ಲೈಟಿನ ಟೂರ್ನಮೆಂಟು,
ಅದರಾಗ ಒಬ್ಬ ಫಾರಿನ್ ಸ್ಟ್ರೈಕರು.
ತರಿಸಿದರು. ದೇಶ ಪರಾಗ್ವೆ. ಹೆಸರು ಎಲಾದಿಯೊ ಕಾನ್ಯೆತೆ.
ವಯಸ್ಸು ಮೂವತ್ತೊಂಬತ್ತು, ಪೋಸ್ಟರಿನಾಗ ಇಪ್ಪತ್ತೊಂಬತ್ತು.
ಸಂಜಿ ಆಗೋದ್ರೊಳಗ ಓಣಿ ಹುಡುಗರ ಬಾಯಾಗ
ಎಲ್ಲಯ್ಯ ಆಗಿಬಿಟ್ಟ.
ತಂದ ಚಡ್ಡಿ ಒಂದೂ ಏರಲಿಲ್ಲ, ಅದಕ್ಕ ನನ್ನ ಹತ್ರ.
ಹೊನ್ನೂರ್‌ಸಾಬ್ ಅಂದೆ, ಎದಿ ಮುಟ್ಟಿಕೊಂಡು.
ಓನೂರ್, ಅಂದ ಅವ.

ಜೊತಿಗೆ ಗೋವಾದ ಮಿಂಗೆಲ್ ಮಾಸ್ತರ,
ಅರ್ಧ ಪೋರ್ಚುಗೀಸು, ಅರ್ಧ ಕೈಸನ್ನಿ.
ಅವನ ಮೂಲಕ ಕೇಳಿದ್ದಿಷ್ಟು.

ಹೆಗಲು ಸಮ ಇಲ್ಲ. ಹದಿನಾಲ್ಕಕ್ಕ ಎಲಿ ಚೀಲ ಹೊತ್ತದ್ದು,
ಅವರ ಕಡೆ ಆ ಎಲೀನ ಚಹಾದಂಗ ಕುದಿಸಿ ಕುಡೀತಾರಂತ.
ಎಡ ಮೊಣಕಾಲಿಗೆ ಎರಡು ಹೊಲಿಗಿ, ಒಂದು ನೇರ, ಒಂದು ಸೊಟ್ಟ.
ಹೊಲಿಗಿ ನೋಡಿದರ ಯಾರ ಕೈ ಎಂಥದು ನನಗ ತಿಳೀತೈತಿ.
ನೇರದ್ದು ಬ್ಯೂನಸ್ ಐರಿಸ್ಸಿನ ದೊಡ್ಡ ಡಾಕ್ಟರದು.
ಆಗ ಇಪ್ಪತ್ತಮೂರು, ಕ್ಲಬ್ಬಿಗೆ ಆ ಕಾಲು ಬೇಕಾಗಿತ್ತು.
ಸೊಟ್ಟದ್ದು ಸೈಪ್ರಸ್ಸಿಂದು, ಮೂವತ್ತೆರಡಕ್ಕ.
ಆಗ ಅಷ್ಟು ಬೇಕಾಗಿರಲಿಲ್ಲ ಯಾರಿಗೂ.
ಆಮ್ಯಾಲ ವಿಯೆಟ್ನಾಮು, ಕಲ್ಕತ್ತಾ.
ಆಮ್ಯಾಲ ನನ್ನ ಸ್ಟೂಲಿನ ಮುಂದ, ಕೈ ಎತ್ತಿಕೊಂಡು.

ಒಟ್ಟು ಗೋಲು ಎಷ್ಟು?
ನೂರಾ ಎಂಬತ್ತೇಳು ಅಂದ.
ಧಣಿ ಆಫೀಸಿನ ಕಾಗದದಾಗ ನೂರಾ ಎಪ್ಪತ್ತೊಂದು ಐತಲ್ಲ, ಅಂದ ಮಿಂಗೆಲ್.
ಎಲ್ಲಯ್ಯ ನಕ್ಕ.
ಉಳಿದ ಹದಿನಾರು, ಬರಿಯಾಕ ಯಾರೂ ಇಲ್ಲದ ಮೈದಾನದಾಗ.

ಗೋಲಿಗೆ ಇಷ್ಟು ಅಂತ ಕೊಡ್ತಾರೇನು?
ಹೌದಂತ. ಬಿದ್ದರ ಉಂಟು. ಇಲ್ಲಂದರ ಬರೇ ಪಗಾರ, ಅದೂ ಬಂದರ.
ಅಯ್ಯ, ನೀನೂ ಪೀಸ್ ರೇಟಿನವನ! ಅಂದೆ.
ಇದನ್ನ ಮಿಂಗೆಲ್ ಅವನಿಗೆ ಹೇಳಲಿಲ್ಲ,
ಹೇಳಾಕ ಬರಲಿಲ್ಲೋ ಏನೋ.

ಮ್ಯಾಚು. ಹೊಸಪೇಟಿ ರೋಡಿನ ಲಾರಿ ಧೂಳು
ಲೈಟಿನ ಕೆಳಗ ಕೆಂಪಗ ತೇಲತಿತ್ತು, ಗುಡ್ಡ ಕತ್ತಲಾಗಿತ್ತು.
ಓಡೋ ಎಲ್ಲಯ್ಯ! ಮಿರ್ಚಿ ತಿಂದು ಬಾರೋ! ಅಂತ ಜನ.
ಅವ ಓಡಲಿಲ್ಲ. ನಾಕು ಹೆಜ್ಜಿ ಆಕಡೆ, ಎರಡು ಈಕಡೆ,
ಏನೋ ಕಳಕೊಂಡವನಂಗ ನೆಲ ನೋಡತಾ ನಿಂತ.
ನನ್ನ ಪಕ್ಕದವ ಉಗುಳಿದ.
ನನಗ ಗೊತ್ತಿತ್ತು.
ಸೂಜಿ ಎಲ್ಲಿಗೂ ಹೋಗಂಗಿಲ್ಲ, ಇದ್ದಲ್ಲೇ ಏಳತೈತಿ, ಇಳಿತೈತಿ.
ಬಟ್ಟಿನ ಬರಬೇಕು.

ಬಂತು. ಐದು ನಿಮಿಷ ಉಳಿದಾಗ.
ರೂಪನಗುಡಿಯ ತಿಪ್ಪೇರುದ್ರ ಕಣ್ಣುಮುಚ್ಚಿ ಒದ್ದ ಚೆಂಡು
ಇಬ್ಬರ ಕಾಲಿಗೆ ಬಡದು, ದಿಕ್ಕು ತಪ್ಪಿ
ಅವ ನಿಂತಲ್ಲಿಗೇ ಬಂತು, ಸಣ್ಣ ಕಾಲಿಗೆ.
ಒದೀಲಿಲ್ಲ ಅವ. ಮುಟ್ಟಿದ, ಅಷ್ಟ.

ನೆಟ್ಟು ಅಲುಗೋದರೊಳಗ ಮೈದಾನ ಎದ್ದು ನಿಂತಿತ್ತು.
ಎಲ್ಲಯ್ಯ ಮಾತ್ರ ಕೂತ.
ಒಂದು ಹಿಡಿ ಮಣ್ಣು ತಗೊಂಡು ಮೂಸಿ, ಮೀನಖಂಡಕ್ಕ ತಿಕ್ಕಿಕೊಂಡು
ಏನೋ ಅಂದ. ಗೆರಿ ಹತ್ರ ಇದ್ದ ನನ್ನ ಕಿವಿಗೆ
'ಇವು ಪಿತಾ' ಅಂದಂಗ ಕೇಳಿಸಿತು.
ಮಿಂಗೆಲ್‌ಗೂ ತಿಳೀಲಿಲ್ಲ. ಇದು ಸ್ಪ್ಯಾನಿಶ್ ಅಲ್ಲ,
ಅವರ ಮನಿ ಮಾತು ಇರಬೇಕು, ಅಂದ.
ಅವರ ಮನಿ ಮುಂದೂ ಮಣ್ಣು ಕೆಂಪೇ ಇರಬೇಕು, ಅಂದೆ ನಾನು.

ನೂರಾ ಎಂಬತ್ತೆಂಟು.
ಯಾವ ಕಾಗದದಾಗೂ ಇದು ಬಂದಿರಲಿಕ್ಕಿಲ್ಲ.

ಅರ್ಧ ರೊಕ್ಕ ಕೊಟ್ಟು ರೈಲು ಹತ್ತಿಸಿದರು.
ಗಣಿ ಬಂದ್ ಆದವು, ಧಣಿ ಫೋನು ಸ್ವಿಚ್ ಆಫ್,
ನನ್ನ ಎರಡು ಚಡ್ಡಿ ಹೊಲಿಗಿ ನೂರಾ ಎಂಬತ್ತು ಹಂಗ ನಿಂತೈತಿ.
ರೊಕ್ಕ ಬಂದವರ ಹೆಸರಿಗೆ ಗೀಟು ಎಳಿಯೋದು ನನ್ನ ಪದ್ಧತಿ.

ನಿನ್ನೆ ಮಗಳು ಶಬಾನಾ ಹಳೇ ಬುಕ್ಕು ತಿರುವಿ ಕೇಳಿದಳು:
ಅಬ್ಬಾ, ಇಲ್ಲಿ ಒಂದು ತೊಡಿ ಕಮ್ಮಿ ಬರದೀಯಲ್ಲ, ತಪ್ಪಲ್ಲೇನು?
ಇಲ್ಲವ್ವ.
ಎರಡು ಸಲ ಅಳದೀನಿ.